ಚುಚ್ಚಿದ ಮಾತನ್ನು ದೇವರ ಮುಂದೆ ಹರಡುವುದು ಹೇಗೆ?

ರಾತ್ರಿ ಹನ್ನೊಂದೂವರೆ. ಮಲಗುವ ಮುಂಚೆ ಸುಮ್ನೆ ಫೋನ್ ತೆಗೆದೆ. ಒಂದು ಮೆಸೇಜ್ ಬಂದಿತ್ತು.

"ನಿಮ್ಮ ಪಾಠ ಯಾರಿಗೂ ಅರ್ಥ ಆಗ್ತಿಲ್ಲ. ತುಂಬಾ ಓಡಿಸ್ತೀರಿ. ಈ ಸೇವೆಗೆ ದೇವರು ನಿಮ್ಮನ್ನು ಕರೆದಿಲ್ಲ ಅನ್ಸುತ್ತೆ. ಬೇರೆಯವರಿಗೆ ಬಿಟ್ಟುಕೊಡಿ."

ಕೊನೆಗೆ ಕೈ ಮುಗಿಯುವ ಎಮೋಜಿ ಬೇರೆ.

ಆಗ ನಾನು ಒಂದು ಚಿಕ್ಕ ಬೈಬಲ್ ಅಧ್ಯಯನದ ಗುಂಪು ನಡೆಸುತ್ತಿದ್ದೆ. ಏಳೆಂಟು ಜನ. ಬರೆದವರು ನನಗಿಂತ ಹಿರಿಯರು, ಬೈಬಲನ್ನು ಚೆನ್ನಾಗಿ ಬಲ್ಲವರು. ಅದಕ್ಕೇ ಜಾಸ್ತಿ ತಾಗಿತು. ಆ ರಾತ್ರಿ ಅದನ್ನು ಹತ್ತು ಹನ್ನೆರಡು ಸಲವಾದರೂ ಓದಿರಬೇಕು. ಐದಾರು ಸಲ ಆದಮೇಲೆ ಅದು ಅವರ ಮಾತಾಗಿ ಉಳಿಯಲಿಲ್ಲ. ನನ್ನದೇ ದನಿಯಲ್ಲಿ ನನಗೆ ಕೇಳತೊಡಗಿತು.

ಕುಗ್ಗಿಸುವ ಮಾತಿನ ಅಪಾಯ ಇದೇ. ಹೇಳಿದವರು ಒಂದು ಸಲ ಹೇಳಿ ಮರೆತಿರುತ್ತಾರೆ. ಉಳಿದ ನೂರು ಸಲ ಹೇಳಿಕೊಳ್ಳುವವರು ನಾವೇ.

ನನಗೆ ಇದರಿಂದ ಹೊರಬರುವ ದಾರಿ ಸಿಕ್ಕಿದ್ದು ಬೈಬಲಿನ 2 ಅರಸುಗಳು ಪುಸ್ತಕದ 18 ಮತ್ತು 19ನೇ ಅಧ್ಯಾಯಗಳಲ್ಲಿ. ಯೆರೂಸಲೇಮಿನಿಂದ ಯೆಹೂದ ದೇಶವನ್ನು ಆಳಿದ ಹಿಜ್ಕೀಯ ಅರಸನ ಕಥೆ ಅದು. ಕೆಳಗಿನ ಹೆಜ್ಜೆಗಳು ಹೆಚ್ಚುಕಡಿಮೆ ಅವನಿಂದಲೇ ಕಲಿತವು.

ಮೊದಲು ಆ ಕಥೆ

ಕ್ರಿ.ಪೂ. 701. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಕೋಟೆ ಪಟ್ಟಣಗಳನ್ನು ಒಂದೊಂದಾಗಿ ಹಿಡಿಯುತ್ತಾ ಬಂದಿದ್ದ. ಈಗ ಅವನ ಕಣ್ಣು ಯೆರೂಸಲೇಮಿನ ಮೇಲೆ. ಅವನ ಅಧಿಕಾರಿ ರಬ್ಷಾಕೆ ದೊಡ್ಡ ಸೈನ್ಯದ ಜೊತೆ ಬಂದು ಗೋಡೆಯ ಹೊರಗೆ ನಿಂತ. ಬಾಣ ಬಿಡಲಿಲ್ಲ, ಮಾತು ಬಿಟ್ಟ.

"2000 ಕುದುರೆ ಕೊಡುತ್ತೇನೆ, ಹತ್ತಿ ಕೂರುವುದಕ್ಕೆ ಅಷ್ಟು ಜನ ನಿಮ್ಮಲ್ಲಿದ್ದಾರಾ?" ಎಂಬ ಅರ್ಥದಲ್ಲಿ ಹಂಗಿಸಿದ. ಹಿಜ್ಕೀಯನ ಅಧಿಕಾರಿಗಳು ಬೇಡಿಕೊಂಡರು: ಅರಾಮ್ಯ ಭಾಷೆಯಲ್ಲಿ ಮಾತಾಡಿ, ಗೋಡೆಯ ಮೇಲಿನ ಜನರಿಗೆ ಕೇಳುವ ಹಾಗೆ ನಮ್ಮ ಭಾಷೆಯಲ್ಲಿ ಬೇಡ. ಆತ ಏನು ಮಾಡಿದ ಗೊತ್ತಾ? ಇನ್ನೂ ಗಟ್ಟಿಯಾಗಿ, ಅವರದೇ ಭಾಷೆಯಲ್ಲಿ ಕೂಗಿದ.

ಈ ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ನಮಗೆ ಅತಿ ಹೆಚ್ಚು ನಾಟುವ ಮಾತು ನಮ್ಮ ಭಾಷೆಯಲ್ಲೇ ಬರುತ್ತದೆ, ಅಲ್ವಾ? ನಮ್ಮ ಮನೆಯವರ, ಸಭೆಯವರ, ಗೆಳೆಯರ ಬಾಯಿಂದ. ಅಪರಿಚಿತ ಬೈದರೆ ಅರ್ಧ ಗಂಟೆ ಬೇಜಾರು. ಹತ್ತಿರದವರು ಅಂದರೆ ವರ್ಷಗಟ್ಟಲೆ. 55ನೇ ಕೀರ್ತನೆಯಲ್ಲಿ ದಾವೀದನ ಅಳಲೂ ಇದೇ. ವೈರಿ ಅಂದಿದ್ದರೆ ತಾಳಿಕೊಳ್ಳುತ್ತಿದ್ದೆ, ಆದರೆ ಅಂದವನು ನೀನು, ನನ್ನ ಆಪ್ತ ಎನ್ನುತ್ತಾನೆ.

1. ಆ ರಾತ್ರಿ ಉತ್ತರ ಕೊಡಬೇಡಿ

ಗೋಡೆಯ ಮೇಲಿದ್ದ ಜನ ಒಂದು ಮಾತೂ ಆಡಲಿಲ್ಲ. ಉತ್ತರ ಕೊಡಬೇಡಿ ಎಂದು ಹಿಜ್ಕೀಯ ಮೊದಲೇ ಅಪ್ಪಣೆ ಮಾಡಿದ್ದ (18:36).

ಸಿಟ್ಟಿನಲ್ಲಿ ಬರೆದ ಉತ್ತರ ಎಷ್ಟೇ ಚೆನ್ನಾಗಿರಲಿ, ಬೆಳಿಗ್ಗೆ ಓದಿದರೆ ನಾಚಿಕೆಯಾಗುತ್ತದೆ. ನಾನೂ ಅವತ್ತು ಉದ್ದ ಉತ್ತರ ಟೈಪ್ ಮಾಡಿದ್ದೆ. ಬೈಬಲಿನ ಮೂರು ವಚನಗಳನ್ನೂ ಸೇರಿಸಿದ್ದೆ! ಪುಣ್ಯಕ್ಕೆ ಕಳುಹಿಸಲಿಲ್ಲ. ವಚನಗಳನ್ನು ಕಲ್ಲಿನ ಹಾಗೆ ಎಸೆಯುವುದು ನಮ್ಮಂಥವರಿಗೆ ಸುಲಭವಾಗಿ ಬರುವ ಪಾಪ.

ಫೋನನ್ನು ಬೇರೆ ಕೋಣೆಯಲ್ಲಿಡಿ. ಎದುರಿಗೇ ಹೇಳಿದ್ದರೆ, "ಕೇಳಿಸಿಕೊಂಡೆ, ಯೋಚನೆ ಮಾಡಿ ಹೇಳುತ್ತೇನೆ" ಎಂದಷ್ಟೇ ಹೇಳಿ. ದಾವೀದನ ಅಣ್ಣ ಎಲೀಯಾಬ ಎಲ್ಲರೆದುರು ಹೀಯಾಳಿಸಿದ: ಆ ನಾಲ್ಕು ಕುರಿಗಳನ್ನು ಯಾರ ಹತ್ತಿರ ಬಿಟ್ಟು ಬಂದೆ? ನಿನ್ನ ಸೊಕ್ಕು ನನಗೆ ಗೊತ್ತು. ದಾವೀದ ಒಂದೆರಡು ಮಾತು ಹೇಳಿ ಬೇರೆಯವರ ಕಡೆ ತಿರುಗಿಕೊಂಡ (1 ಸಮುವೇಲ 17:30). ಅವತ್ತು ಅವನು ಅಣ್ಣನ ಜೊತೆ ಜಗಳಕ್ಕೆ ನಿಂತಿದ್ದರೆ ದೈತ್ಯ ಗೊಲ್ಯಾತನ ಜೊತೆ ಕಾದಾಡಲು ಹೋಗುವ ಶಕ್ತಿ ಎಲ್ಲಿ ಉಳಿಯುತ್ತಿತ್ತು?

2. ನೋವಾಗಿದೆ ಎಂದು ಒಪ್ಪಿಕೊಳ್ಳಿ

ಹಿಜ್ಕೀಯ ಬಟ್ಟೆ ಹರಿದುಕೊಂಡ. ಗೋಣಿತಟ್ಟು ಸುತ್ತಿಕೊಂಡ. ಅರಸ ಅಂತ ಮುಖ ಗಟ್ಟಿ ಮಾಡಿಕೊಂಡು ಕೂರಲಿಲ್ಲ.

"ವಿಶ್ವಾಸಿಗೆ ಇಂಥದ್ದೆಲ್ಲ ತಾಗಬಾರದು" ಅನ್ನುವವರಿದ್ದಾರೆ. ಬೈಬಲ್ ಹಾಗೆ ಹೇಳುವುದಿಲ್ಲ. ದುಡುಕಿನ ಮಾತು ಕತ್ತಿ ತಿವಿದ ಹಾಗೆ ಎಂದು ಜ್ಞಾನೋಕ್ತಿ 12:18 ಹೇಳುತ್ತದೆ. ಕತ್ತಿ ತಿವಿದರೆ ರಕ್ತ ಬರುತ್ತದೆ. ರಕ್ತ ಬಂದದ್ದು ನಂಬಿಕೆ ಕಡಿಮೆಯಾದದ್ದಕ್ಕಲ್ಲ.

ಹನ್ನಳನ್ನು ನೋಡಿ. ಮಕ್ಕಳಿಲ್ಲ ಎಂದು ಸವತಿ ಪೆನಿನ್ನ ವರ್ಷ ವರ್ಷವೂ ಕೆಣಕುತ್ತಿದ್ದಳು. ಹನ್ನ ಅತ್ತಳು, ಊಟ ಬಿಟ್ಟಳು. ದೇವಾಲಯಕ್ಕೆ ಹೋಗಿ ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥಿಸಿದರೆ, ಯಾಜಕ ಏಲಿ ಕುಡಿದಿದ್ದಾಳೆ ಎಂದುಕೊಂಡ! ಮನೆಯಲ್ಲೂ ಚುಚ್ಚುಮಾತು, ದೇವರ ಮನೆಯಲ್ಲೂ ಚುಚ್ಚುಮಾತು. ಆದರೂ ಅವಳು, ಕುಡಿದಿಲ್ಲ ಸ್ವಾಮಿ, ಮನಸ್ಸಿನ ದುಃಖವನ್ನು ದೇವರ ಮುಂದೆ ಸುರಿಯುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದಳು. ನೋವನ್ನು ಅಡಗಿಸಲಿಲ್ಲ. ಎಲ್ಲಿ ಸುರಿಯಬೇಕೋ ಅಲ್ಲಿ ಸುರಿದಳು.

ದೇಹವನ್ನೂ ಮರೆಯಬೇಡಿ. ರಾಣಿ ಈಜೆಬೆಲಳ ಬೆದರಿಕೆ ಕೇಳಿ ಪ್ರವಾದಿ ಎಲೀಯ ಓಡಿಹೋಗಿ, ಸಾಕು, ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡಲಿಲ್ಲ. ರೊಟ್ಟಿ ಮತ್ತು ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ತಿನ್ನಿಸಿದ. ಆಮೇಲೆ ಪ್ರಯಾಣ. ನಿದ್ದೆಗೆಟ್ಟ ತಲೆಯಲ್ಲಿ ಯಾವ ಮಾತೂ ಸರಿಯಾದ ಅಳತೆಯಲ್ಲಿ ಕಾಣುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಪ್ರಾರ್ಥನೆಯ ಜೊತೆಗೆ ಡಾಕ್ಟರನ್ನೂ ಕಾಣಿ, ತಡಮಾಡಬೇಡಿ. ಅದು ಅವಿಶ್ವಾಸವಲ್ಲ.

3. ಮಾತನ್ನು ಕಾಗದಕ್ಕೆ ಇಳಿಸಿ, ವಿಂಗಡಿಸಿ

ಇಡೀ ಕೆಲಸದ ಗಟ್ಟಿ ಭಾಗ ಇದು. ಬೇರೆ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನಿಮಗೆ ಅರ್ಥವಾದದ್ದನ್ನಲ್ಲ, ಅವರ ಬಾಯಿಂದ ಬಂದ ಪದಗಳನ್ನು. ನಾನು ಬರೆದಾಗ ಮೊದಲು ಗೊತ್ತಾದದ್ದು, ಅದು ನಾಲ್ಕೇ ವಾಕ್ಯ ಎಂದು. ತಲೆಯಲ್ಲಿ ನಾಲ್ಕು ಪುಟ ಆಗಿತ್ತು!

ಈಗ ರಬ್ಷಾಕೆಯ ಮಾತನ್ನು ಮತ್ತೆ ನೋಡಿ. ಎಲ್ಲವೂ ಸುಳ್ಳಲ್ಲ. ಅದರಲ್ಲಿ ಮೂರು ಬಗೆ ಇದೆ.

ಒಂದು, ನಿಜ. ಐಗುಪ್ತವನ್ನು ನಂಬಿದ್ದೀರಾ, ಅದು ಜಜ್ಜಿದ ದಂಟು, ಊರಿಕೊಂಡವನ ಕೈಗೇ ಚುಚ್ಚುತ್ತದೆ ಎಂದ. ಇದು ಸತ್ಯವೇ. ಸಹಾಯಕ್ಕೆ ಐಗುಪ್ತಕ್ಕೆ ಹೋಗಬೇಡಿ ಎಂದು ದೇವರ ಪ್ರವಾದಿ ಯೆಶಾಯನೂ ಹೇಳಿದ್ದ (ಯೆಶಾಯ 30 ಮತ್ತು 31ನೇ ಅಧ್ಯಾಯಗಳು). ವೈರಿಯ ಬಾಯಿ, ವಿಷಯ ಮಾತ್ರ ಸರಿ.

ಎರಡು, ತಪ್ಪು ತಿಳುವಳಿಕೆ. ನಿಮ್ಮ ದೇವರ ಪೂಜಾಸ್ಥಳಗಳನ್ನೇ ಹಿಜ್ಕೀಯ ಕಿತ್ತುಹಾಕಿದನಲ್ಲ, ಇನ್ನು ಆ ದೇವರನ್ನು ಹೇಗೆ ನಂಬುತ್ತೀರಿ ಎಂದ. ಹಿಜ್ಕೀಯ ಅವನ್ನು ತೆಗೆದದ್ದು ನಿಜ. ಆದರೆ ತೆಗೆದದ್ದು ದೇವರಿಗೆ ವಿಧೇಯನಾಗಿ. ಹೊರಗಿನಿಂದ ನೋಡಿದವನಿಗೆ ಅರ್ಧ ಮಾತ್ರ ಕಂಡಿತ್ತು. ನಮ್ಮ ಒಳ್ಳೆಯ ಕೆಲಸಕ್ಕೇ ಬೈಗುಳ ಬರುವುದು ಹೀಗೆ.

ಮೂರು, ಸುಳ್ಳು. ಯೆಹೋವನು ನಿಮ್ಮನ್ನು ಬಿಡಿಸಲಾರನು ಎಂದ. ಅದಕ್ಕಿಂತ ಹೆಚ್ಚಾಗಿ, ಈ ದೇಶವನ್ನು ಹಾಳುಮಾಡು ಎಂದು ಯೆಹೋವನೇ ನನ್ನನ್ನು ಕಳುಹಿಸಿದ್ದಾನೆ ಎಂದೂ ಸೇರಿಸಿದ. ದೇವರ ಹೆಸರು ಹಾಕಿ ಹೇಳಿದ ಮಾತ್ರಕ್ಕೆ ಅದು ದೇವರ ಮಾತಾಗುವುದಿಲ್ಲ.

ನಾನೂ ನನ್ನ ನಾಲ್ಕು ವಾಕ್ಯಗಳನ್ನು ಹೀಗೇ ಬಿಡಿಸಿದೆ. "ತುಂಬಾ ಓಡಿಸ್ತೀರಿ" ಎಂಬುದನ್ನು ಪರೀಕ್ಷಿಸಲು ಮುಂದಿನ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಅಯ್ಯೋ ದೇವರೇ! ಪ್ರಶ್ನೆ ಕೇಳುವವನು ನಾನೇ, ಮೂರು ಸೆಕೆಂಡಿನಲ್ಲಿ ಉತ್ತರ ಹೇಳುವವನೂ ನಾನೇ. ಯಾರೋ "ಅಂದ್ರೆ..." ಎಂದು ಶುರು ಮಾಡಿದ್ದರು. ಅವರ ಮೇಲೆ ನನ್ನ ದನಿ ಹತ್ತಿ ಹೋಗಿತ್ತು. ಅಷ್ಟು ನಿಜ.

"ಯಾರಿಗೂ ಅರ್ಥ ಆಗ್ತಿಲ್ಲ." ಗುಂಪಿನ ಇಬ್ಬರನ್ನು ಕೇಳಿದೆ. ಒಬ್ಬರಿಗೆ ಎಲ್ಲ ತಿಳಿದಿತ್ತು, ಇನ್ನೊಬ್ಬರಿಗೆ ಎರಡು ಕಡೆ ತೊಡಕಾಗಿತ್ತು. ಹಾಗಾಗಿ ಇದು ಅರ್ಧ. "ದೇವರು ಕರೆದಿಲ್ಲ" ಎಂಬುದನ್ನು ರಾತ್ರಿ ಹನ್ನೊಂದೂವರೆಗೆ ಒಬ್ಬರೇ ಕೂತು ತೀರ್ಮಾನಿಸಲು ಬರುವುದಿಲ್ಲ. ಅದನ್ನು ಮೂರನೇ ಗುಂಪಿಗೆ ಹಾಕಿದೆ. "ಬೇರೆಯವರಿಗೆ ಬಿಟ್ಟುಕೊಡಿ" ಎಂಬುದೂ ಅದರ ಹಿಂದೆಯೇ ಹೋಯಿತು.

ವಿಂಗಡಿಸುವಾಗ ಕೆಲವು ಪದಗಳ ಮೇಲೆ ಕಣ್ಣಿಡಿ. ಯಾರೂ, ಯಾವತ್ತೂ, ಎಲ್ಲರೂ, ನಿನ್ನ ಹಣೆಬರಹವೇ ಇಷ್ಟು. ಇವು ಬಂದ ಕಡೆ ಸತ್ಯ ಸ್ವಲ್ಪ ಹಿಗ್ಗಿರುತ್ತದೆ. ಇನ್ನೊಂದು ಗುರುತು: ಮಾತು ನಿಮ್ಮ ಕೆಲಸದ ಮೇಲಿದೆಯೋ, ನಿಮ್ಮ ಮೇಲಿದೆಯೋ? "ಲೆಕ್ಕ ತಪ್ಪಿದೆ" ಎಂದರೆ ತಿದ್ದಬಹುದು. "ನೀನು ದಡ್ಡ" ಎಂದರೆ ಏನನ್ನು ತಿದ್ದುವುದು? ಮಿತ್ರನು ಮಾಡುವ ಗಾಯ ನಂಬಿಕೆಗೆ ತಕ್ಕದ್ದು ಎನ್ನುತ್ತದೆ ಜ್ಞಾನೋಕ್ತಿ 27:6. ಅಂಥ ಗಾಯದಲ್ಲಿ ಮುಂದೆ ಏನು ಮಾಡಬೇಕು ಎಂಬುದೂ ಇರುತ್ತದೆ. ದೂರು ಹೇಳುವವನ ಮಾತಿನಲ್ಲಿ ಬರೀ ತೀರ್ಪು ಇರುತ್ತದೆ, ದಾರಿ ಇರುವುದಿಲ್ಲ.

ಕಾಗದದಲ್ಲಿರುವುದು ನಿಮ್ಮದೇ ಮಾತಾದರೆ? ಎಷ್ಟೋ ಸಲ ಹಾಗೇ ಆಗುತ್ತದೆ. ಕಾನಾನ್ ದೇಶವನ್ನು ಬೇಹು ನೋಡಿ ಬಂದ 12 ಇಸ್ರಾಯೇಲ್ಯರಲ್ಲಿ 10 ಮಂದಿ, ನಾವು ನಮ್ಮ ಕಣ್ಣಿಗೇ ಮಿಡತೆಗಳ ಹಾಗೆ ಕಂಡೆವು ಎಂದರು (ಅರಣ್ಯಕಾಂಡ 13:33). ಅಲ್ಲಿನ ದೈತ್ಯರು ಇವರನ್ನು ಮಿಡತೆ ಎಂದು ಕರೆದ ದಾಖಲೆ ಇಲ್ಲ. ಇವರೇ ಕರೆದುಕೊಂಡರು. ಆ ರಾತ್ರಿಯೆಲ್ಲ ಜನ ಅತ್ತರು. ನಿಮ್ಮ ಮಾತನ್ನೂ ಅದೇ ಮೂರು ಗುಂಪಿಗೆ ಹಾಕಿ, ರಿಯಾಯಿತಿ ಬೇಡ.

4. ಕಾಗದವನ್ನು ದೇವರ ಮುಂದೆ ಹರಡಿ

ರಬ್ಷಾಕೆ ಹೋದ ಮೇಲೆ ಸನ್ಹೇರೀಬನ ಪತ್ರ ಬಂತು. ಹಿಜ್ಕೀಯ ಅದನ್ನು ತೆಗೆದುಕೊಂಡು ಓದಿದ. ದೇವಾಲಯಕ್ಕೆ ಹೋಗಿ ಯೆಹೋವನ ಮುಂದೆ ಅದನ್ನು ಹರಡಿ ಇಟ್ಟ (19:14).

ಅದನ್ನು ಹರಿಯಲಿಲ್ಲ, ಮಡಚಿ ದಿಂಬಿನ ಕೆಳಗೂ ಇಡಲಿಲ್ಲ. ಹರಡಿದ. ನೀನೂ ಓದು ಎನ್ನುವ ಹಾಗೆ. ಮಕ್ಕಳು ಶಾಲೆಯಿಂದ ಬಂದು ಹರಿದ ಪುಸ್ತಕವನ್ನು ಮೇಜಿನ ಮೇಲೆ ಇಡುತ್ತಾರಲ್ಲ, ಹಾಗೆ.

ನೀವೂ ಅಕ್ಷರಶಃ ಹಾಗೇ ಮಾಡಿ. ಕಾಗದವನ್ನು ಎದುರಿಗಿಟ್ಟು ಮೊಣಕಾಲೂರಿ. ಹುಚ್ಚಾಟ ಅನ್ನಿಸಬಹುದು, ಅನ್ನಿಸಲಿ. ಮಾತು ತಲೆಯೊಳಗೆ ಸುತ್ತುವುದು ಬೇರೆ, ಕಣ್ಣೆದುರು ಬಿದ್ದಿರುವುದು ಬೇರೆ.

ಹಿಜ್ಕೀಯನ ಪ್ರಾರ್ಥನೆ ಐದೇ ವಚನ. ಮೊದಲು ದೇವರು ಯಾರು ಎಂದು ಹೇಳುತ್ತಾನೆ: ಭೂಮ್ಯಾಕಾಶಗಳನ್ನು ಉಂಟುಮಾಡಿದವನು. ಆಮೇಲೆ, ಕಿವಿಗೊಟ್ಟು ಕೇಳು, ಕಣ್ಣು ತೆರೆದು ನೋಡು. ಆಮೇಲೆ ಬರುವುದು ನನಗೆ ತುಂಬಾ ಇಷ್ಟವಾದ ಸಾಲು: ಅಶ್ಶೂರದ ಅರಸರು ಜನಾಂಗಗಳನ್ನು ಹಾಳುಮಾಡಿದ್ದು ನಿಜವೇ ಎಂದು ಒಪ್ಪಿಕೊಳ್ಳುತ್ತಾನೆ. ನಂಬಿಕೆ ಅಂದರೆ ನಿಜವನ್ನು ಅಲ್ಲಗಳೆಯುವುದಲ್ಲ. ಕೊನೆಗೆ, ಈಗ ನಮ್ಮನ್ನು ರಕ್ಷಿಸು.

ನನ್ನ ಪ್ರಾರ್ಥನೆ ಹೀಗಿತ್ತು, ಬೇಕಾದರೆ ನಿಮ್ಮ ಮಾತಿಗೆ ಬದಲಾಯಿಸಿಕೊಳ್ಳಿ:

"ಕರ್ತನೇ, ನನ್ನನ್ನು ಉಂಟುಮಾಡಿದವನು ನೀನು. ಇದನ್ನು ಓದು. ನಾನು ಓಡಿಸುವುದು ನಿಜ, ಅದನ್ನು ತಿದ್ದು. ಕರೆದದ್ದು ನೀನೋ ಅಲ್ಲವೋ, ನಿನ್ನಿಂದಲೇ ಕೇಳಬೇಕು. ನನಗೆ ತುಂಬಾ ನೋವಾಗಿದೆ. ಇದನ್ನು ಬರೆದವರ ಮುಖ ನೋಡಲು ಇವತ್ತು ನನಗೆ ಮನಸ್ಸಿಲ್ಲ, ಅದನ್ನೂ ನೋಡಿಕೋ. ಯೇಸುವಿನ ಹೆಸರಿನಲ್ಲಿ, ಆಮೆನ್."

5. ಒಬ್ಬರಿಗೆ ಹೇಳಿ, ಹತ್ತು ಜನಕ್ಕಲ್ಲ

ಪತ್ರ ಬರುವುದಕ್ಕೂ ಮುಂಚೆಯೇ ಹಿಜ್ಕೀಯ ಯೆಶಾಯನಿಗೆ ಹೇಳಿಕಳುಹಿಸಿದ್ದ: ಪ್ರಾರ್ಥಿಸು. ಯೆಶಾಯನಿಂದ ಬಂದ ಮೊದಲ ಉತ್ತರ, ನೀನು ಕೇಳಿದ ಆ ಮಾತುಗಳಿಗೆ ಹೆದರಬೇಡ.

ಒಬ್ಬರಿಗೆ ಹೇಳಿದರೆ ಪ್ರಾರ್ಥನೆ, ಹತ್ತು ಜನಕ್ಕೆ ಹೇಳಿದರೆ ಸುದ್ದಿ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರನ್ನು ಆರಿಸಿ. ಬರೀ ನಿಮ್ಮ ಪರ ವಹಿಸುವವರು ಬೇಡ. ನಿಮ್ಮ ಕಾಗದ ನೋಡಿ "ಈ ಒಂದು ಸಾಲು ನಿಜ ಕಣಪ್ಪ" ಎನ್ನುವ ಧೈರ್ಯ ಇರಬೇಕು. ಎಲ್ಲ ಕಳೆದುಕೊಂಡ ಯೋಬನ ಜೊತೆ ಅವನ ಗೆಳೆಯರು 7 ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದರು, ಅಲ್ಲಿಯವರೆಗೆ ಚೆನ್ನಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು.

6. ಒಂದು ವಚನ ಸಾಕು, ಆದರೆ ಸರಿಯಾದದ್ದು

ಯೇಸುವಿಗೆ ದೀಕ್ಷಾಸ್ನಾನದಲ್ಲಿ ಪರಲೋಕದಿಂದ ಕೇಳಿಸಿದ್ದು, ಈತನು ಪ್ರಿಯನಾಗಿರುವ ನನ್ನ ಮಗನು. ಅದರ ಹಿಂದೆಯೇ ಅರಣ್ಯದಲ್ಲಿ ಸೈತಾನನು ಕೇಳಿದ್ದು, ನೀನು ದೇವರ ಮಗನಾಗಿದ್ದರೆ... ತಂದೆ ಹೇಳಿದ ಮಾತಿಗೇ ಕೈ ಹಾಕಿದ. ಮೂರು ಸಲವೂ ಯೇಸು ಉತ್ತರ ಕೊಟ್ಟದ್ದು ಧರ್ಮೋಪದೇಶಕಾಂಡದ ವಚನಗಳಿಂದ. ನೆನಪಿನಲ್ಲಿದ್ದ ವಚನಗಳು ಅವು. ಅರಣ್ಯದಲ್ಲಿ ಸುರುಳಿ ಬಿಚ್ಚಿ ಹುಡುಕಿದ್ದಲ್ಲ.

ನಿಮ್ಮ ಮೂರನೇ ಗುಂಪಿನಲ್ಲಿರುವ ಸುಳ್ಳಿಗೆ ನೇರ ಉತ್ತರವಾಗುವ ಒಂದು ವಚನ ಹುಡುಕಿ ಬಾಯಿಪಾಠ ಮಾಡಿ. ನೀನಿನ್ನೂ ಚಿಕ್ಕವನು ಎಂದರೆ 1 ತಿಮೊಥೆ 4:12. ಮುಗಿಯಿತು, ಇನ್ನು ಯಾಕೆ ತೊಂದರೆ ಎಂದರೆ ಮಾರ್ಕ 5:36. ಯಾಯೀರನಿಗೆ ನಿನ್ನ ಮಗಳು ಸತ್ತಳು ಎಂದು ಹೇಳಿದ ಕೂಡಲೇ ಯೇಸು, ಹೆದರಬೇಡ, ನಂಬಿಕೆ ಮಾತ್ರ ಇರಲಿ ಎಂದದ್ದು ಅಲ್ಲಿದೆ. ನಿಮ್ಮ ಮನಸ್ಸೇ ಕುಗ್ಗಿಸುತ್ತಿದ್ದರೆ ಕೀರ್ತನೆ 42:5. ಅಲ್ಲಿ ಕೀರ್ತನೆಗಾರ ತನ್ನ ಮನಸ್ಸಿನ ಮಾತು ಕೇಳುವುದನ್ನು ಬಿಟ್ಟು, ಯಾಕೆ ಕುಗ್ಗಿದ್ದೀ ಎಂದು ಮನಸ್ಸನ್ನೇ ಗದರಿಸುತ್ತಾನೆ.

ಒಂದು ಎಚ್ಚರ. ವಚನವನ್ನು ತಾಯಿತದ ಹಾಗೆ ಕಟ್ಟಿಕೊಳ್ಳಬೇಡಿ. ಯೆರೆಮೀಯ 29:11 ಎಲ್ಲರಿಗೂ ಇಷ್ಟ, ನಿಮಗೆ ಒಳ್ಳೆಯ ಗತಿಯನ್ನು ಯೋಚಿಸಿದ್ದೇನೆ ಎಂಬ ವಚನ. ಅದರ ಹಿಂದಿನ ವಚನದಲ್ಲಿ 70 ವರ್ಷ ಕಾಯಬೇಕು ಎಂದಿದೆ! ಮೇಲೊಂದು ಕೆಳಗೊಂದು ವಚನ ಸೇರಿಸಿ ಓದುವ ಅಭ್ಯಾಸ ಒಳ್ಳೆಯದು.

7. ಕೆಲಸಕ್ಕೆ ವಾಪಸ್ ಹೋಗಿ

ನೆಹೆಮೀಯ ಯೆರೂಸಲೇಮಿನ ಗೋಡೆ ಕಟ್ಟಿಸುವಾಗ ವಿರೋಧಿ ಟೋಬೀಯ ನಕ್ಕ: ನರಿ ಹತ್ತಿದರೂ ಬೀಳುತ್ತದೆ. ನೆಹೆಮೀಯ ಪ್ರಾರ್ಥಿಸಿದ. ಮುಂದಿನ ಮಾತೇ, ನಾವು ಗೋಡೆ ಕಟ್ಟಿದೆವು. ಆಮೇಲೆ ವಿರೋಧಿಗಳು ನಾಲ್ಕು ಸಲ ಮಾತುಕತೆಗೆ ಕರೆದರು. ದೊಡ್ಡ ಕೆಲಸದಲ್ಲಿದ್ದೇನೆ, ಬರಲಾರೆ ಎಂದು ನಾಲ್ಕು ಸಲವೂ ಅದೇ ಉತ್ತರ. ಗೋಡೆ 52 ದಿನಕ್ಕೆ ಮುಗಿಯಿತು.

ದೊಡ್ಡದೇನೂ ಬೇಡ. ಅವರು ಯಾವ ಕೆಲಸದ ಬಗ್ಗೆ ಅಂದರೋ ಅದರಲ್ಲೇ ಒಂದು ಚಿಕ್ಕ ಭಾಗವನ್ನು ನಾಳೆಯೇ ಮಾಡಿ. ಮೊದಲ ಗುಂಪಿನಲ್ಲಿರುವ ನಿಜವನ್ನು ತಿದ್ದಿಕೊಂಡು ಮಾಡಿ. ನಾನು ಟಿಪ್ಪಣಿಯ ಪ್ರತಿ ಪ್ರಶ್ನೆಯ ಪಕ್ಕ "10" ಎಂದು ಬರೆದುಕೊಂಡೆ. ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಬೇಕು. ಮೊದಲ ವಾರ ಆ ಹತ್ತು ಎಣಿಸುವುದು ಒಂದು ಯುಗದಷ್ಟು ಉದ್ದ ಅನ್ನಿಸಿತು.

8. ಇನ್ನು ಆ ವ್ಯಕ್ತಿ

ಇದು ಕಷ್ಟ. ಸಲೀಸಾಗಿ "ಕ್ಷಮಿಸಿಬಿಡಿ" ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಪ್ರಸಂಗಿ 7:21-22 ನನ್ನ ಕೈ ಹಿಡಿದಿದೆ. ಆಡುವ ಮಾತಿಗೆಲ್ಲ ಕಿವಿಗೊಡಬೇಡ, ನಿನ್ನ ಆಳೇ ನಿನ್ನನ್ನು ಶಪಿಸುವುದನ್ನು ಕೇಳಬೇಕಾದೀತು. ನೀನೂ ಎಷ್ಟೋ ಸಲ ಬೇರೆಯವರನ್ನು ಶಪಿಸಿದ್ದು ನಿನ್ನ ಮನಸ್ಸಿಗೆ ಗೊತ್ತಲ್ಲ? ಗೊತ್ತು. ನಾನೂ ಯಾರದೋ ಹಾಡಿನ ಬಗ್ಗೆ, ಯಾರದೋ ಪ್ರಸಂಗದ ಬಗ್ಗೆ ಎಷ್ಟು ಸಲ ಅಂದಿಲ್ಲ!

ದಿನಕ್ಕೊಂದು ಸಲ ಅವರ ಹೆಸರು ಹೇಳಿ ಆಶೀರ್ವದಿಸಿ. ರೋಮಾಪುರದವರಿಗೆ 12:14 ಕೇಳುವುದು ಅಷ್ಟನ್ನೇ. ಮನಸ್ಸು ಆಮೇಲೆ ಬರುತ್ತದೆ, ಕುಂಟುತ್ತಾ.

ಕ್ಷಮಿಸುವುದು ಬೇರೆ, ಹೊಡೆತಕ್ಕೆ ನಿಂತುಕೊಳ್ಳುವುದು ಬೇರೆ. ಅರಸ ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಓಡಿದ. ಕೈಗೆ ಸಿಕ್ಕಾಗ ಸೌಲನನ್ನು ಕೊಲ್ಲಲಿಲ್ಲ, ಹಾಗಂತ ಅರಮನೆಗೆ ಊಟಕ್ಕೂ ಹೋಗಲಿಲ್ಲ. ದಿನವೂ ಹೀಯಾಳಿಸಿ ಬೆದರಿಸುವ ಮನುಷ್ಯನಿಂದ ದೂರ ಹೋಗುವುದರಲ್ಲಿ, ಸಹಾಯ ಕೇಳುವುದರಲ್ಲಿ ತಪ್ಪಿಲ್ಲ.

ಕಾಗದವನ್ನು ಏನು ಮಾಡುವುದು?

ಸನ್ಹೇರೀಬ ತನ್ನ ದಂಡಯಾತ್ರೆಯನ್ನು ಮಣ್ಣಿನ ಸ್ತಂಭದ ಮೇಲೆ ಬರೆಸಿಟ್ಟಿದ್ದಾನೆ. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯೆಹೂದದ 46 ಪಟ್ಟಣ ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಎಂದು ಜಂಬ ಕೊಚ್ಚಿಕೊಂಡಿದ್ದಾನೆ. ಯೆರೂಸಲೇಮನ್ನು ಹಿಡಿದೆ ಎಂದು ಮಾತ್ರ ಎಲ್ಲೂ ಇಲ್ಲ.

ನನ್ನ ಕಾಗದ ಮೂರು ತಿಂಗಳು ಬೈಬಲಿನಲ್ಲಿ 2 ಅರಸುಗಳು 19ರ ಹತ್ತಿರ ಇತ್ತು. ಒಂದು ದಿನ "ಓಡಿಸ್ತೀರಿ" ಎಂಬ ಸಾಲನ್ನು ಮಾತ್ರ ಕತ್ತರಿಸಿ ಟಿಪ್ಪಣಿ ಪುಸ್ತಕಕ್ಕೆ ಅಂಟಿಸಿದೆ. ಉಳಿದದ್ದನ್ನು ಹರಿದು ಹಾಕಿದೆ. ನೀವೂ ಅವಸರ ಮಾಡಬೇಡಿ, ನಿಜವಾದ ಸಾಲನ್ನು ತಿದ್ದಿಕೊಂಡಾದ ಮೇಲೆ ಹರಿಯಿರಿ.

ಮೆಸೇಜ್ ಬರೆದವರು ಈಗಲೂ ಗುಂಪಿಗೆ ಬರುತ್ತಾರೆ. ಕಿಟಕಿ ಪಕ್ಕದ ಕುರ್ಚಿ ಅವರದ್ದು. ನಾನು ಪ್ರಶ್ನೆ ಕೇಳಿ ಹತ್ತು ಎಣಿಸುತ್ತೇನಲ್ಲ, ಆರೋ ಏಳೋ ಬರುವಷ್ಟರಲ್ಲಿ ಮೊದಲು ಬಾಯಿ ತೆರೆಯುವವರು ಅವರೇ.